ಬೇಸಿಗೆಯ ಉಣ್ಣೆಗೆ ಮಳೆಗಾಲದ ಮದ್ದು

ಮೃಗಶಿರ ಮಳೆ ಸುರಿಯುತ್ತಿರುವಾಗ ದನಕ್ಕೆ ಉಣ್ಣೆಯ (ಉಣುಗಿನ) ಮದ್ದು ಹಾಕುವವನನ್ನು ನಮ್ಮ ಸಾಗರದ ಕಡೆ ಯಾರೂ ಬುದ್ಧಿವಂತ ಎನ್ನುವುದಿಲ್ಲ. "ಬೇಸಿಗೆಯ ಜ್ವರಕ್ಕೆ ಆಷಾಢದಲ್ಲಿ ಔಷಧಿಯೇ ಮಾರಾಯ?" ಎಂದು ಪಕ್ಕದ ತೋಟದ ಭಾವ ಕೇಳಿದ್ದರು. ಈಗ ಅದೇ ಭಾವ ಮೇ ಕೊನೆಗೇ ಬಂದು, ಈ ಸಲ ಎಷ್ಟು ಬಾಟಲಿ ತರಿಸುತ್ತೀಯ ಎಂದು ವಿಚಾರಿಸುತ್ತಾರೆ.

ಆ ಬೇಸಿಗೆಯ ಜ್ವರವೆಂದರೆ ಮಂಗನ ಕಾಯಿಲೆ, ಕಾಡಿನ ಉಣ್ಣೆ ಕಚ್ಚಿ ಮಂಗನಿಗೂ ಮನುಷ್ಯನಿಗೂ ಬರುವಂಥದ್ದು. ಅದರ ಬಗ್ಗೆ ಮಲೆನಾಡಿನವರಿಗೆ ನಾನು ಪಾಠ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಗುರುತಾದದ್ದು ನಮ್ಮ ಅಜ್ಜಂದಿರ ಕಾಲದ ಕಥೆ ಎಂದುಕೊಂಡಿದ್ದೆವು. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾಲುಸಾಲಾಗಿ ಜನ ಜ್ವರದಿಂದ ಮಲಗಿದ ಮೇಲೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ಕಾಲಿಡಲು ಆಳುಗಳು ಒಪ್ಪುತ್ತಿರಲಿಲ್ಲ. ಇದ್ದ ಲಸಿಕೆಯೂ 2022ರಲ್ಲಿ ನಿಂತಿತು. ಕೈಯಲ್ಲಿ ಉಳಿದದ್ದು ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲದ ಬಾಟಲಿ ಮಾತ್ರ.

ಮೊದಲು ನಾನೂ ಎಲ್ಲರ ಹಾಗೆ ಸಂಕ್ರಾಂತಿಯ ಹೊತ್ತಿಗೆ ದನಗಳಿಗೆ ಡೆಲ್ಟಾಮೆಥ್ರಿನ್ ಎಂಬ ಉಣ್ಣೆಮದ್ದು ಹೊಡೆಯುತ್ತಿದ್ದೆ. ಲೀಟರ್ ನೀರಿಗೆ 2 ಮಿಲಿ, ಬೆನ್ನಿಗೆ ಕಟ್ಟುವ ಪಂಪು, ಒಂದು ಆಳಿನ ಅರ್ಧ ದಿನ. ದನದ ಮೈ ಚೊಕ್ಕಟವಾಗುತ್ತಿತ್ತು, ಬೆಟ್ಟದಲ್ಲಿ ದರಗು (ಒಣಗಿ ಬಿದ್ದ ಎಲೆ) ಗುಡಿಸುವವರ ಕಾಲಿಗೆ ಉಣ್ಣೆ ಹತ್ತುವುದು ಮಾತ್ರ ನಿಲ್ಲಲಿಲ್ಲ. ಬೆಟ್ಟದ ದರಗಿಗೆ ಬೆಂಕಿ ಕೊಟ್ಟು ನೋಡು ಎಂದವರಿದ್ದರು. ಒಂದು ಮೂಲೆಗೆ ಕೊಟ್ಟೆ. ಆ ವರ್ಷ ಕೊಟ್ಟಿಗೆಗೆ ಹಾಸಲು ದರಗು ಸಾಲದೆ ದುಡ್ಡು ಕೊಟ್ಟು ಹುಲ್ಲು ತರಿಸಬೇಕಾಯಿತು, ಮರುವರ್ಷ ಅದೇ ಮೂಲೆಯಲ್ಲಿ ಉಣ್ಣೆ ಯಥಾಪ್ರಕಾರ.

ಕಣ್ಣು ತೆರೆಸಿದವರು ಒಬ್ಬ ಪಶುವೈದ್ಯರು. ಬೇಸಿಗೆಯಲ್ಲಿ ನಮ್ಮನ್ನು ಕಚ್ಚುವುದು ಎಳೆಯ ಉಣ್ಣೆ, ರಾಗಿ ಕಾಳಿಗಿಂತ ಸಣ್ಣದು. ಅದರ ತಾಯಿ ಹಿಂದಿನ ಮಳೆಗಾಲದಲ್ಲಿ ದನದ ಮೇಲೆ ಕುಳಿತು ರಕ್ತ ಕುಡಿದು, ಉದುರಿ, ಅಲ್ಲೇ ದರಗಿನ ಅಡಿಯಲ್ಲಿ ಮೊಟ್ಟೆ ಇಟ್ಟಿರುತ್ತದೆ. ಹಾಗಿದ್ದರೆ ಜನವರಿಯಲ್ಲಿ ದನಕ್ಕೆ ಹೊಡೆದು ಏನು ಪ್ರಯೋಜನ? ಜುಲೈಯಲ್ಲಿ ಗಂಗೆದೊಗಲು, ಕಿವಿಯ ಒಳಗು, ಬಾಲದ ಬುಡದ ಕೂದಲು ಬಿಡಿಸಿ ನೋಡಿದೆ. ದೊಡ್ಡ ಉಣ್ಣೆಗಳು ಸಾಲಾಗಿ ಕಚ್ಚಿಕೊಂಡಿದ್ದವು. ಜನವರಿಯಲ್ಲಿ ಅದೇ ದನದ ಮೈಯಲ್ಲಿ ಇಷ್ಟು ಕಂಡಿರಲಿಲ್ಲ.

ಮೊದಲ ಮಳೆಗಾಲ ಪಂಪಿನಲ್ಲೇ ಹೊಡೆದೆ. ಮಧ್ಯಾಹ್ನದ ಮಳೆಗೆ ಎಲ್ಲವೂ ತೊಳೆದುಹೋಯಿತು. ಆಮೇಲೆ ಬೆನ್ನಿನ ಉದ್ದಕ್ಕೂ ಬಿಡುವ ಫ್ಲುಮೆಥ್ರಿನ್ ಎಂಬ ಮದ್ದಿಗೆ ಬದಲಾಯಿಸಿದೆ. ಮೃಗಶಿರದಲ್ಲಿ ಒಮ್ಮೆ, ಪುನರ್ವಸುವಿನಲ್ಲಿ ಒಮ್ಮೆ, ಆಶ್ಲೇಷದಲ್ಲಿ ಇನ್ನೊಮ್ಮೆ. ಅಳತೆಯನ್ನು ವೈದ್ಯರ ಬಳಿ ದನದ ತೂಕ ಹೇಳಿಯೇ ಕೇಳಿಕೊಳ್ಳಿ. ನಮ್ಮದು ಮಲೆನಾಡು ಗಿಡ್ಡ ತಳಿ, ಮೈ ಸಣ್ಣದು, ಮದ್ದು ಕಡಿಮೆ ಸಾಕು. ಜರ್ಸಿ ಸಾಕಿದವರಿಗೆ ಖರ್ಚು ದುಪ್ಪಟ್ಟಿಗೂ ಮೇಲೆ. ಹತ್ತು ಹನ್ನೆರಡು ಗಿಡ್ಡಗಳಿಗೆ ಒಂದು ಮಳೆಗಾಲಕ್ಕೆ ನನಗೆ 2,500 ರೂಪಾಯಿಯ ಆಸುಪಾಸು ಬಿತ್ತು. ಹೆಚ್ಚೇನಲ್ಲ, ಆದರೆ ಅದು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಕಾಲ. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗಾರನ ಕೂಲಿ ಎಂದು ಕಿಸೆ ಬರಿದಾಗಿರುವಾಗ ದನದ ಬೆನ್ನಿಗೆ ಹಣ ಸುರಿಯುತ್ತೇನೆಂದರೆ ಮನೆಯಲ್ಲೂ ಮುಖ ಗಂಟು ಹಾಕಿಕೊಳ್ಳುತ್ತಾರೆ. ಮಳೆಯ ನಡುವೆ ಮದ್ದು ಮೈಗೆ ಹಿಡಿಯುವಂತೆ ಹಿಂದಿನ ರಾತ್ರಿ ಕೊಟ್ಟಿಗೆಯಲ್ಲಿ ಏನು ಮಾಡುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಫಲ ನೋಡಲು ಜನವರಿಯ ತನಕ ಕಾಯಬೇಕು. ಒಂದು ಮೀಟರ್ ಬಿಳಿ ಫ್ಲಾನೆಲ್ ಬಟ್ಟೆಯ ಒಂದು ಅಂಚಿಗೆ ಬಿದಿರಿನ ಕೋಲು, ಅದಕ್ಕೆ ಹಗ್ಗ. ಇಬ್ಬನಿ ಆರಿದ ಮೇಲೆ ದರಗಿನ ಮೇಲೆ ಎಳೆಯುತ್ತಾ ಹತ್ತು ಹೆಜ್ಜೆಗೊಮ್ಮೆ ಮಗುಚಿ ನೋಡಬೇಕು. ಆರೋಗ್ಯ ಇಲಾಖೆಯವರು ಪರೀಕ್ಷೆಗೆ ಉಣ್ಣೆ ಹಿಡಿಯುವುದೂ ಹೀಗೆಯೇ. ಹತ್ತಿದ ಉಣ್ಣೆಯನ್ನು ಅಂಟು ಟೇಪಿನಲ್ಲಿ ಒತ್ತಿ ತೆಗೆಯಬೇಕು, ಉಗುರಿನಲ್ಲಿ ಚಿವುಟಬಾರದು. ಮೊದಲೆಲ್ಲ ಕೊಟ್ಟಿಗೆಯಿಂದ ಬೆಟ್ಟದ ಬೇಲಿಯ ದಣಪೆಯವರೆಗೆ ಎಳೆದರೆ ನಲವತ್ತು ಐವತ್ತು ಸಿಗುತ್ತಿದ್ದವು. ಮೂರನೆಯ ವರ್ಷಕ್ಕೆ ಏಳೆಂಟಕ್ಕೆ ಇಳಿಯಿತು. ಭಾವನನ್ನು ಕರೆದು ಅವರ ಬೆಟ್ಟದಲ್ಲೂ ಅದೇ ಬಟ್ಟೆ ಎಳೆದೆ. ಬಟ್ಟೆ ನೋಡಿ ಅವರು ಮಾತಾಡಲಿಲ್ಲ, ಮರುಮಳೆಗಾಲಕ್ಕೆ ಮದ್ದು ತರಿಸಿದರು. ಈಗ ಕೇರಿಯ ಐದಾರು ಮನೆ ಸೇರಿ ದೊಡ್ಡ ಬಾಟಲಿ ತರಿಸುತ್ತೇವೆ, ಸ್ವಲ್ಪ ಅಗ್ಗ.

ಮಧ್ಯೆ ಗಿನಿ ಕೋಳಿಯ ಹುಚ್ಚೂ ಹಿಡಿದಿತ್ತು. ಉಣ್ಣೆ ಹೆಕ್ಕಿ ತಿನ್ನುತ್ತವೆ ಎಂದು ಏಳೆಂಟು ತಂದು ಬಿಟ್ಟೆ. ತಿಂದವೋ ಇಲ್ಲವೋ, ಅರಚಾಟಕ್ಕೆ ಮನೆಯವರ ನಿದ್ದೆ ಕೆಟ್ಟಿತು. ಕಾಡುಬೆಕ್ಕು ಎರಡು ತಿಂಗಳಲ್ಲಿ ಲೆಕ್ಕ ಚುಕ್ತಾ ಮಾಡಿತು. ನಾಟಿ ಕೋಳಿಯೇ ವಾಸಿ, ಕೊಟ್ಟಿಗೆಯಲ್ಲಿ ಮಲಗಿದ ದನದ ಕಿವಿಯಿಂದಲೇ ಕುಕ್ಕಿ ತೆಗೆಯುತ್ತದೆ. ಮದ್ದು ಹಾಕಿದ ಒಂದೆರಡು ವಾರ ಕೋಳಿಯನ್ನು ಬಿಡುವುದಿಲ್ಲ. ಲಕ್ಕಿ ಸೊಪ್ಪಿನ ಹೊಗೆಗೆ ಸೊಳ್ಳೆ ಹೋಗುತ್ತದೆ, ಉಣ್ಣೆ ಅಲುಗುವುದಿಲ್ಲ. ಬೇವಿನ ಎಣ್ಣೆ ಮೈಗೆ ಹಚ್ಚಿಕೊಂಡು ನೋಡಿದೆ, ಬೆವರಿಗೆ ಒಂದು ಗಂಟೆಯೂ ನಿಲ್ಲಲಿಲ್ಲ.

ಇಷ್ಟಾದರೂ ಬೆಟ್ಟಕ್ಕೆ ಹೋಗುವವರು ಡೆಪಾ ತೈಲ ಹಚ್ಚಿಯೇ ಹೋಗುತ್ತಾರೆ, ಸಂಜೆ ಬಟ್ಟೆ ಬಿಸಿನೀರಿಗೆ, ಆಮೇಲೆ ಸ್ನಾನ. ಮಂಗ ಸತ್ತ ಸುದ್ದಿ ಬಂದರೆ ಆ ಕಡೆ ಯಾರನ್ನೂ ಕಳಿಸುವುದಿಲ್ಲ. ಜ್ವರ ಬಂದರೆ ಮೆಡಿಕಲ್ ಅಂಗಡಿಯ ಗುಳಿಗೆಯಲ್ಲಿ ದಿನ ಕಳೆಯದೆ ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡುವುದು.

ಬಗೆಹರಿಯದಿರುವುದು ಬೀಡಾಡಿ ದನ. ಯಾರ ಕೊಟ್ಟಿಗೆಗೂ ಸೇರದ ಏಳೆಂಟು ನಮ್ಮ ಬೆಟ್ಟದ ಮೇಲಂಚಿನಲ್ಲೇ ಮಲಗುತ್ತವೆ, ಅಲ್ಲಿ ಬಟ್ಟೆ ಎಳೆದರೆ ಈಗಲೂ ಹಳೆಯ ಲೆಕ್ಕವೇ. ಉಪ್ಪು ಬೆರೆಸಿದ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಇಟ್ಟು ಎರಡನ್ನು ಹಿಡಿದು ಮದ್ದು ಹಾಕಿದೆವು. ಉಳಿದವು ಬಕೆಟ್ ಕಂಡರೇ ಓಡುತ್ತವೆ. ಕಾಡುಕೋಣದ ಮೈಯಲ್ಲಿ ಬರುವ ಉಣ್ಣೆಗೆ ನನ್ನ ಬಳಿ ಉಪಾಯವಿಲ್ಲ. ಇದ್ದವರು ತಿಳಿಸಿ, ಬದಲಿಗೆ ಕೊಟ್ಟಿಗೆಯ ಗುಟ್ಟು ಹೇಳಿಕೊಡುತ್ತೇನೆ.