ಹೆಬ್ಬೆರಳಿನ ಉರಿಗೆ ಒಂದು ಗುಳಿಗೆ, ಯೂರಿಕ್ ಆಸಿಡ್‌ಗೆ ಇನ್ನೊಂದು

ರಾತ್ರಿ ಎರಡರ ಹೊತ್ತಿಗೆ ಕಾಲಿನ ಹೆಬ್ಬೆರಳ ಬುಡ ಕೆಂಡ ಇಟ್ಟಂತೆ ಉರಿಯುತ್ತದೆ. ಹೊದ್ದ ಕಂಬಳಿಯ ಅಂಚು ತಾಗಿದರೂ ಜೀವ ಹೋದಂತಾಗುತ್ತದೆ. ಬೆಳಕು ಹರಿಯುವಷ್ಟರಲ್ಲಿ ಕೀಲು ಕೆಂಪಗೆ ಬಾತು ಹೊಳೆಯುತ್ತಿರುತ್ತದೆ. ಸಕಲೇಶಪುರ, ಮೂಡಿಗೆರೆಯ ಕಡೆ ಇದನ್ನೂ ‘ವಾತ’ದ ಲೆಕ್ಕಕ್ಕೆ ಸೇರಿಸಿ ಬಿಸಿ ಎಣ್ಣೆ ತಿಕ್ಕುವವರಿದ್ದಾರೆ. ಇದು ಗೌಟ್. ಕೀಲು ರೋಗಗಳಲ್ಲಿ ಔಷಧಿಗೆ ಇಷ್ಟು ಚೆನ್ನಾಗಿ ಬಗ್ಗುವುದು ಕಡಿಮೆ. ಆದರೂ ಹತ್ತು ಹದಿನೈದು ವರ್ಷ ಕುಂಟುತ್ತಲೇ ಇರುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಹೆಚ್ಚಿನವರ ತಪ್ಪು ಒಂದೇ: ಉರಿ ಇಳಿಸುವ ಗುಳಿಗೆಗೂ ಯೂರಿಕ್ ಆಸಿಡ್ ಇಳಿಸುವ ಗುಳಿಗೆಗೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಒಂದರ ಕೆಲಸ ಇನ್ನೊಂದಕ್ಕೆ ಹೇಳುವುದು.

ಮೊದಲು, ಇದು ಗೌಟ್ ಹೌದೇ?

ದೇಹದ ತ್ಯಾಜ್ಯವಾದ ಯೂರಿಕ್ ಆಸಿಡ್ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂವರೆಗೆ ಕರಗಿರುತ್ತದೆ. ಅದಕ್ಕಿಂತ ಹೆಚ್ಚಾದರೆ ಕಾಫಿ ಲೋಟದ ತಳದಲ್ಲಿ ಉಳಿಯುವ ಸಕ್ಕರೆಯ ಹಾಗೆ ಕೀಲಿನಲ್ಲಿ ಹರಳು ಕಟ್ಟಲು ಶುರುವಾಗುತ್ತದೆ. ಉರಿಗೆ ಮೂಲ ಆ ಹರಳೇ. ಕಾಫಿ ಆರಿದಷ್ಟೂ ಸಕ್ಕರೆ ಕರಗುವುದು ಕಷ್ಟ. ದೇಹದಲ್ಲಿ ಹೆಚ್ಚು ತಣ್ಣಗಿರುವುದು ಪಾದ. ಹರಳಿಗೆ ಹೆಬ್ಬೆರಳು ಇಷ್ಟವಾಗಲು ಅದೂ ಒಂದು ಕಾರಣ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಉರಿ ಇರುವ ದಿನ ರಕ್ತ ಕೊಟ್ಟರೆ ವರದಿಯಲ್ಲಿ ಯೂರಿಕ್ ಆಸಿಡ್ ಸರಿಯಾಗಿಯೇ ಕಾಣಬಹುದು. ಅಷ್ಟಕ್ಕೇ ‘ಗೌಟ್ ಅಲ್ಲ’ ಎಂದುಕೊಳ್ಳಬೇಡಿ. ಉರಿ ಪೂರ್ತಿ ಇಳಿದು ಎರಡು ವಾರವಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಇನ್ನೊಂದು ಇದರ ತಿರುವು: ಪೂರ್ಣ ತಪಾಸಣೆಯ ಪ್ಯಾಕೇಜಿನಲ್ಲಿ 7.4 ಬಂತು, ಮಂಡಿ ನೋವೂ ಇದೆ, ಆದ್ದರಿಂದ ಗೌಟ್ ಎಂಬ ತೀರ್ಮಾನ. ಮಂಡಿ ಸವೆತಕ್ಕೂ ಹಿಮ್ಮಡಿ ನೋವಿಗೂ ಯೂರಿಕ್ ಆಸಿಡ್ ಗುಳಿಗೆ ನುಂಗುತ್ತಿರುವವರು ಬೇಕಾದಷ್ಟು ಮಂದಿ. ಕೀಲು ಬಾತಿಲ್ಲ, ಹರಳುಗಂಟು ಇಲ್ಲ, ಕಿಡ್ನಿ ಕಲ್ಲಿನ ತೊಂದರೆಯೂ ಇಲ್ಲ ಎಂದಾದರೆ, ಬರೀ ಅಂಕಿ ಹೆಚ್ಚಿದೆ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ.

ಅನುಮಾನವಿದ್ದರೆ ಬಾತ ಕೀಲಿನ ನೀರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ಹರಳು ಹುಡುಕುತ್ತಾರೆ. ಅದೇ ಖಚಿತ ಪರೀಕ್ಷೆ. ಕೀಲು ಬಾತು ಚಳಿಜ್ವರವೂ ಇದ್ದರೆ ಮನೆಯಲ್ಲಿ ಯಾವ ಗುಳಿಗೆಯನ್ನೂ ಪ್ರಯೋಗಿಸಬೇಡಿ. ಕೀಲಿನೊಳಗೆ ಕೀವು ತುಂಬಿದಾಗಲೂ ಹೀಗೇ ಕಾಣುತ್ತದೆ, ಕೆಲವೇ ದಿನಗಳಲ್ಲಿ ಅದು ಕೀಲನ್ನು ತಿಂದುಹಾಕುತ್ತದೆ. ಅದೇ ದಿನ ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೋ ಹೋಗಿ.

ಉರಿ ಎದ್ದ ದಿನ

ಈ ಹಂತದ ಔಷಧಿಗಳು ಮೂರು ಬಗೆ. ಯಾವುದು ಎಂಬುದನ್ನು ನಿಮ್ಮ ಉಳಿದ ಕಾಯಿಲೆಗಳು ತೀರ್ಮಾನಿಸುತ್ತವೆ. ಮೂರರಲ್ಲಿ ಯಾವುದೇ ಆಗಲಿ, ಬೇಗ ಶುರುಮಾಡಿದಷ್ಟೂ ಲಾಭ. ಮೊದಲ 12 ಗಂಟೆಯಲ್ಲಿ ತೆಗೆದುಕೊಂಡದ್ದಕ್ಕೂ ಮೂರನೆಯ ದಿನ ತೆಗೆದುಕೊಂಡದ್ದಕ್ಕೂ ಅಜಗಜಾಂತರ. ಆದ್ದರಿಂದಲೇ ಒಮ್ಮೆ ಗೌಟ್ ಎಂದು ಖಚಿತವಾದವರು ವೈದ್ಯರಿಂದ ಮುಂಚಿತವಾಗಿಯೇ ಚೀಟಿ ಬರೆಸಿಕೊಂಡು ಒಂದು ಪಟ್ಟಿ ಗುಳಿಗೆ ಮನೆಯಲ್ಲಿಟ್ಟಿರಬೇಕು. ಆಷಾಢದ ಮಳೆಯಲ್ಲಿ ಎಸ್ಟೇಟಿನ ದಾರಿಗೆ ಮರ ಬಿದ್ದ ರಾತ್ರಿ ಮೆಡಿಕಲ್ ಅಂಗಡಿ ಹುಡುಕಲಾಗುವುದಿಲ್ಲ.

ಕೊಲ್ಚಿಸಿನ್: ನಮ್ಮಲ್ಲಿ ಸಿಗುವುದು 0.5 ಮಿಲಿಗ್ರಾಂ ಗುಳಿಗೆ. ಈಗಿನ ಕ್ರಮ ಹೀಗಿದೆ: ಮೊದಲು ಎರಡು ಗುಳಿಗೆ, ಒಂದು ಗಂಟೆ ಬಿಟ್ಟು ಇನ್ನೊಂದು. ಮೊದಲ ದಿನಕ್ಕೆ ಅಲ್ಲಿಗೆ ಮುಗಿಯಿತು. ಮಾರನೆಯ ದಿನದಿಂದ ಚೀಟಿಯಲ್ಲಿ ಬರೆದಂತೆ ದಿನಕ್ಕೆ ಒಂದೋ ಎರಡೋ, ಉರಿ ಇಳಿಯುವವರೆಗೆ. ಹಿಂದೆ ಗಂಟೆಗೊಂದರಂತೆ ಭೇದಿ ಹಿಡಿಯುವವರೆಗೂ ನುಂಗಿಸುತ್ತಿದ್ದರು. ಕಡಿಮೆ ಪ್ರಮಾಣವೂ ಅಷ್ಟೇ ಕೆಲಸ ಮಾಡುತ್ತದೆ, ಭೇದಿ ಮಾತ್ರ ಬಹಳ ಕಡಿಮೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಹಳೆಯ ಚೀಟಿ ಇಟ್ಟುಕೊಂಡಿರುವವರು ಅದನ್ನು ಹರಿದುಹಾಕಬಹುದು. ಭೇದಿ, ವಾಂತಿ ಶುರುವಾದರೆ ಗುಳಿಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಕಿಡ್ನಿ ತೊಂದರೆ ಇರುವವರಿಗೆ ಕೊಲ್ಚಿಸಿನ್ ಪ್ರಮಾಣ ತಗ್ಗಿಸಬೇಕು. ಕಫಕ್ಕೆಂದು ಕೊಡುವ ಕ್ಲಾರಿಥ್ರೊಮೈಸಿನ್, ಬಿ.ಪಿ. ಮತ್ತು ಹೃದಯಕ್ಕೆ ಕೊಡುವ ವೆರಪಾಮಿಲ್, ಡಿಲ್ಟಿಯಾಜೆಮ್ ಇವು ಕೊಲ್ಚಿಸಿನ್ ದೇಹದಿಂದ ಹೊರಹೋಗದಂತೆ ತಡೆಯುತ್ತವೆ; ಸಾಮಾನ್ಯ ಪ್ರಮಾಣವೇ ವಿಷವಾಗಬಹುದು. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ ತೊಡೆ, ತೋಳು ಸೋತು ನೋಯತೊಡಗಿದರೆ ಅದು ಸ್ನಾಯುವಿಗೆ ಆಗುತ್ತಿರುವ ಹಾನಿಯ ಗುರುತಿರಬಹುದು.

ಇನ್ನೊಂದು ಮಾತನ್ನು ಮಲೆನಾಡಿನವರಿಗೇ ಹೇಳಬೇಕು. ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಕೆಂಪು ಹಳದಿಯಾಗಿ ಉರಿಯುವ ಗೌರಿ ಹೂವು, ಅಂದರೆ ಅಗ್ನಿಶಿಖೆ, ಇದರ ಗಡ್ಡೆಯಲ್ಲಿರುವುದೂ ಇದೇ ಕೊಲ್ಚಿಸಿನ್. ‘ಗುಳಿಗೆಯ ಮೂಲವೇ ಇದು’ ಎಂದು ಗಡ್ಡೆ ತೇದು ಕುಡಿಯುವುದು ಸಾವನ್ನು ಕರೆದಂತೆ. ಗುಳಿಗೆಯಲ್ಲಿ ಎಷ್ಟಿದೆ ಎಂದು ಅರ್ಧ ಮಿಲಿಗ್ರಾಂವರೆಗೆ ಗೊತ್ತು. ಗಡ್ಡೆಗೆ ಅಂಥ ಲೆಕ್ಕವೇ ಇಲ್ಲ.

ನೋವಿನ ಗುಳಿಗೆಗಳು: ನ್ಯಾಪ್ರಾಕ್ಸೆನ್ 500 ಮಿಲಿಗ್ರಾಂ ದಿನಕ್ಕೆರಡು ಬಾರಿ, ಇಲ್ಲವೇ ಎಟೊರಿಕಾಕ್ಸಿಬ್ 120 ಮಿಲಿಗ್ರಾಂ ದಿನಕ್ಕೊಂದು, ಎಂಟು ದಿನ ಮೀರದಂತೆ. ಊಟದ ಮೇಲೆ ತೆಗೆದುಕೊಳ್ಳಬೇಕು. ಕಿಡ್ನಿ ಕಾಯಿಲೆ, ಹೃದಯದ ತೊಂದರೆ, ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ಇವುಗಳಿಂದ ದೂರವಿರಬೇಕು. ಸಂತೆಗೆ ಹೋದಾಗಲೆಲ್ಲ ಡೈಕ್ಲೋಫೆನಾಕ್ ಸೂಜಿ ಹಾಕಿಸಿಕೊಂಡು ಬರುವ ಅಭ್ಯಾಸದವರು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತೆಂದು ನೆನಪು ಮಾಡಿಕೊಳ್ಳಲಿ. ಗೌಟ್ ರೋಗಿಗಳ ಕಿಡ್ನಿ ಮೊದಲೇ ದುರ್ಬಲವಾಗಿರುವುದುಂಟು.

ಮೊದಲೆರಡೂ ಆಗದವರಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ದಿನಕ್ಕೆ 30ರಿಂದ 35 ಮಿಲಿಗ್ರಾಂ, ಮೂರರಿಂದ ಐದು ದಿನ, ಬೆಳಿಗ್ಗೆ ತಿಂಡಿಯಾದ ಮೇಲೆ. ಸಕ್ಕರೆ ಕಾಯಿಲೆಯವರಿಗೆ ಆ ದಿನಗಳಲ್ಲಿ ಸಕ್ಕರೆ ಏರುತ್ತದೆ, ನೋಡಿಕೊಳ್ಳುತ್ತಿರಬೇಕು. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ‘ವಾತದ ಪುಡಿ’ ಒಂದೇ ದಿನದಲ್ಲಿ ಪವಾಡ ಮಾಡಿದರೆ ಅದರೊಳಗೆ ಸ್ಟೀರಾಯ್ಡ್ ಬೆರೆಸಿರಬಹುದೆಂದು ಅನುಮಾನಿಸಿ.

ಗುಳಿಗೆಯ ಜೊತೆಗೆ ಕಾಲು ಎತ್ತರಕ್ಕಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಿ. ತಿಕ್ಕಬೇಡಿ, ನೀವಿಸಬೇಡಿ.

ಎರಡನೆಯ ಗುಳಿಗೆ ಯಾರಿಗೆ?

ಮೇಲಿನ ಮೂರೂ ಬೆಂಕಿ ಆರಿಸುವವು. ಹರಳು ಒಳಗೆ ಹಾಗೇ ಉಳಿಯುತ್ತದೆ. ವರ್ಷಕ್ಕೆ ಎರಡು ಅಥವಾ ಹೆಚ್ಚು ಬಾರಿ ಉರಿ ಬರುವವರು, ಕಿವಿಯಂಚು, ಮೊಣಕೈ, ಬೆರಳಲ್ಲಿ ಹರಳುಗಂಟು ಎದ್ದವರು, ಎಕ್ಸ್‌ರೇಯಲ್ಲಿ ಮೂಳೆ ಕೊರೆದದ್ದು ಕಂಡವರು ಯೂರಿಕ್ ಆಸಿಡ್ ಇಳಿಸುವ ಗುಳಿಗೆ ಶುರುಮಾಡಬೇಕು. ಕಿಡ್ನಿ ಕಾಯಿಲೆ ಅಥವಾ ಕಲ್ಲು ಇರುವವರು, ಯೂರಿಕ್ ಆಸಿಡ್ 9 ದಾಟಿದವರು ಮೊದಲ ಉರಿಯ ನಂತರವೇ ವೈದ್ಯರಲ್ಲಿ ಈ ವಿಷಯ ಎತ್ತಬಹುದು. ಗುರಿ 6ಕ್ಕಿಂತ ಕೆಳಗೆ. ಗಂಟುಗಳಿದ್ದರೆ 5ಕ್ಕಿಂತ ಕೆಳಗೆ.

ಅದಕ್ಕೂ ಮುಂಚೆ ನೀವು ತಿನ್ನುತ್ತಿರುವ ಎಲ್ಲ ಗುಳಿಗೆ ಪಟ್ಟಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರಿಗೆ ತೋರಿಸಿ. ಬಿ.ಪಿ.ಯ ಹೈಡ್ರೋಕ್ಲೋರೋಥಯಾಜೈಡ್, ನೀರು ಇಳಿಸುವ ಫ್ರುಸೆಮೈಡ್, ಹೃದಯಕ್ಕೆಂದು ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್, ಕ್ಷಯಕ್ಕೆ ಕೊಡುವ ಪೈರಜಿನಮೈಡ್ ಎಲ್ಲವೂ ಯೂರಿಕ್ ಆಸಿಡ್ ಏರಿಸುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಅದರಲ್ಲೂ ಆಸ್ಪಿರಿನ್ ಮತ್ತು ಕ್ಷಯದ ಗುಳಿಗೆ. ಬಿ.ಪಿ.ಗೆ ಮಾತ್ರ ಬದಲಿ ಸಿಗಬಹುದು: ಲೋಸಾರ್ಟಾನ್ ಯೂರಿಕ್ ಆಸಿಡ್ಡನ್ನು ಸ್ವಲ್ಪ ಇಳಿಸುತ್ತದೆ.

ಅಲೋಪ್ಯೂರಿನಾಲ್: ಮೆಲ್ಲಗೆ ಏರಿಸಬೇಕು

ಮೊದಲ ಆಯ್ಕೆ ಇದೇ ಆಗಿರಲಿ ಎಂಬುದು ನಮ್ಮ ಅಭಿಪ್ರಾಯ. 1966ರಿಂದ ಬಳಕೆಯಲ್ಲಿದೆ, ಅಗ್ಗ, ಅದರ ಗುಣಾವಗುಣ ಗೊತ್ತಿದೆ, ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ.

ರಕ್ತದ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಯೂರಿಕ್ ಆಸಿಡ್ ಮೂರನ್ನೂ ಮಾಡಿಸಿದ ಮೇಲೆ ದಿನಕ್ಕೆ 100 ಮಿಲಿಗ್ರಾಂನಿಂದ ಶುರು. ಕಿಡ್ನಿ ಕಾಯಿಲೆಯವರು 50ರಿಂದ, ಅಂದರೆ ಅರ್ಧ ಗುಳಿಗೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ನೋಡಿ, 6ಕ್ಕೆ ಇಳಿದಿಲ್ಲವಾದರೆ ಇನ್ನೊಂದು 100 ಸೇರಿಸುತ್ತಾರೆ. ಎಷ್ಟೋ ಜನರಿಗೆ 300 ಸಾಲುವುದಿಲ್ಲ, 400 ಅಥವಾ 500 ಬೇಕಾಗುತ್ತದೆ. ಆದರೆ ಹೆಚ್ಚಿನ ಚೀಟಿಗಳು 100ರಲ್ಲೇ ನಿಂತುಬಿಡುತ್ತವೆ. ‘ಐದು ವರ್ಷದಿಂದ ತಿಂತಿದೀನಿ, ಏನೂ ಆಗಿಲ್ಲ’ ಎನ್ನುವವರ ಚೀಟಿ ತೆರೆದು ನೋಡಿದರೆ ಅದೇ 100, ಯೂರಿಕ್ ಆಸಿಡ್ ಅದೇ 8. ಊಟವಾದ ಮೇಲೆ ತುಂಬು ಲೋಟ ನೀರಿನೊಂದಿಗೆ ನುಂಗಿ. ಒಂದು ದಿನ ಮರೆತರೆ ನೆನಪಾದಾಗ ತಗೊಳ್ಳಿ. ಮರುದಿನ ಎರಡು ನುಂಗಿ ಸರಿದೂಗಿಸಬೇಡಿ.

ಅಲೋಪ್ಯೂರಿನಾಲ್‌ನ ನಿಜವಾದ ಅಪಾಯ ಚರ್ಮದ ಅಲರ್ಜಿ. ಅಪರೂಪ, ಆದರೆ ಬಂದರೆ ಜೀವಕ್ಕೇ ಕುತ್ತು. ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲಿ ಬರುತ್ತದೆ. ಕಡಿಮೆ ಪ್ರಮಾಣದಿಂದ ಶುರುಮಾಡುವುದು ಇದರ ಭಯದಿಂದಲೇ. ಮೈಮೇಲೆ ದದ್ದು, ಬಾಯಿಹುಣ್ಣು, ಕಣ್ಣು ಕೆಂಪು, ಮುಖ ಊದುವುದು, ಜ್ವರ, ಇವುಗಳಲ್ಲಿ ಒಂದು ಕಂಡರೂ ಮುಂದಿನ ಗುಳಿಗೆ ಬೇಡ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಂದೇ ಆಸ್ಪತ್ರೆಗೆ ಹೋಗಿ. ಕಾಫಿ ಗಿಡದ ಚಿಗಳಿ ಕಚ್ಚಿರಬೇಕು ಎಂದು ಎರಡು ದಿನ ಕಾಯುವುದು ಬೇಡ. ಇನ್ನೊಂದು ಎಚ್ಚರ: ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಅಜಥಯೋಪ್ರಿನ್ ತೆಗೆದುಕೊಳ್ಳುವವರಿಗೆ ಅಲೋಪ್ಯೂರಿನಾಲ್ ಆಗಲಿ, ಕೆಳಗೆ ಹೇಳುವ ಫೆಬುಕ್ಸೊಸ್ಟ್ಯಾಟ್ ಆಗಲಿ ಸೇರಿದರೆ ರಕ್ತಕಣಗಳು ಕುಸಿಯುತ್ತವೆ.

ಅಲೋಪ್ಯೂರಿನಾಲ್ ಒಗ್ಗದವರಿಗೆ ಫೆಬುಕ್ಸೊಸ್ಟ್ಯಾಟ್, 40 ಮಿಲಿಗ್ರಾಂನಿಂದ ಶುರು, ಬೇಕಾದರೆ 80. ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು. 2018ರ ಒಂದು ದೊಡ್ಡ ಅಧ್ಯಯನದಲ್ಲಿ ಹೃದ್ರೋಗಿಗಳ ಸಾವು ಹೆಚ್ಚಿದ್ದು ಕಂಡು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. 2020ರ ಇನ್ನೊಂದು ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ. ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಈ ಗುಳಿಗೆ ಚೀಟಿಯಲ್ಲಿ ಕಂಡರೆ ಆ ವಿಷಯ ಬಾಯಿಬಿಟ್ಟು ಹೇಳಲೇಬೇಕು. ಎರಡು ಅಂಗಡಿಯಲ್ಲಿ ಎರಡು ಬ್ರ್ಯಾಂಡ್ ಕೊಟ್ಟಾಗ ಪಟ್ಟಿಯ ಹಿಂದಿನ ಮೂಲ ಹೆಸರು ಓದಿಸಿಕೊಳ್ಳಿ. ಒಂದೇ ಔಷಧಿಯನ್ನು ಎರಡು ಹೆಸರಲ್ಲಿ ನುಂಗುವವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಗುಳಿಗೆ ಶುರುವಾದ ಮೇಲೆ ಉರಿ ಬಂದರೆ

ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಅರಸೀಕೆರೆ, ಕಡೂರಿನ ಕಡೆಯ ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಸುಣ್ಣದ ಪೊರೆ ಕಟ್ಟುವುದನ್ನು ನೋಡಿದ್ದೀರಿ. ಅದನ್ನು ಬಿಡಿಸಲು ಹೊರಟಾಗ ಚಕ್ಕೆ ಚಕ್ಕೆಯಾಗಿ ಎದ್ದು ನೀರೆಲ್ಲ ಕದಡುತ್ತದೆ. ಯೂರಿಕ್ ಆಸಿಡ್ ಇಳಿಯತೊಡಗಿದಾಗ ಕೀಲಿನ ಹರಳೂ ಹಾಗೇ ಕಳಚುತ್ತದೆ, ಮೊದಲ ತಿಂಗಳುಗಳಲ್ಲಿ ಉರಿ ಹೆಚ್ಚೇ ಬರಬಹುದು. ‘ಈ ಗುಳಿಗೆಯಿಂದಲೇ ಜಾಸ್ತಿಯಾಯ್ತು’ ಎಂದು ಬಿಟ್ಟರೆ ಯೂರಿಕ್ ಆಸಿಡ್ ಮತ್ತೆ ಏರುತ್ತದೆ, ಮತ್ತೆ ಶುರುಮಾಡಿದಾಗ ಮತ್ತದೇ ಉರಿ.

ಇದಕ್ಕೆ ಪರಿಹಾರ, ಮೊದಲ ಮೂರರಿಂದ ಆರು ತಿಂಗಳು ಕೊಲ್ಚಿಸಿನ್ 0.5 ಮಿಲಿಗ್ರಾಂ ದಿನಕ್ಕೊಂದು ಅಥವಾ ಎರಡು ಕಾವಲಿಗೆ ಇಟ್ಟುಕೊಳ್ಳುವುದು. ಅದನ್ನೂ ಮೀರಿ ಉರಿ ಬಂದರೆ ಅಲೋಪ್ಯೂರಿನಾಲ್ ನಿಲ್ಲಿಸದೆ ಮುಂದುವರಿಸಿ, ಉರಿಗೆ ಬೇರೆಯಾಗಿ ಚಿಕಿತ್ಸೆ ಪಡೆಯಿರಿ. ಉರಿ ಬಂದ ರಾತ್ರಿ ಅಲೋಪ್ಯೂರಿನಾಲ್ ಎರಡು ಹೆಚ್ಚಿಗೆ ನುಂಗುವುದರಿಂದ ಪ್ರಯೋಜನವಿಲ್ಲ, ಅದು ನೋವಿನ ಗುಳಿಗೆಯೇ ಅಲ್ಲ.

ಊಟದ ಮಾತು, ಚುಟುಕಾಗಿ

ಪಥ್ಯದಿಂದ ಯೂರಿಕ್ ಆಸಿಡ್ ಇಳಿಯುವುದು ಸ್ವಲ್ಪವೇ. 9 ಇರುವವರು ಅವರೆಕಾಳು, ಹುರುಳಿಕಾಳು, ಅಣಬೆ ಬಿಟ್ಟ ಮಾತ್ರಕ್ಕೆ 6ಕ್ಕೆ ಬರುವುದಿಲ್ಲ. ಕಾಳು, ಸೊಪ್ಪು ಬಿಡುವ ಅಗತ್ಯವೂ ಇಲ್ಲ. ಬಿಯರ್, ಹೆಂಡ, ಈಲಿ (ಲಿವರ್), ಹಂದಿ ಮತ್ತು ಕುರಿ ಮಾಂಸದ ಭೂರಿ ಭೋಜನ, ಒಣಮೀನು, ಬಾಟಲಿಯ ಸಿಹಿ ಪಾನೀಯ ಇವುಗಳಿಗೆ ಕಡಿವಾಣ ಹಾಕಿ. ಕಾಫಿಗೆ ಅಡ್ಡಿಯಿಲ್ಲ. ನೀರು ಚೆನ್ನಾಗಿ ಕುಡಿಯಿರಿ, ಹೃದಯ ಅಥವಾ ಕಿಡ್ನಿಗೆಂದು ನೀರಿಗೆ ಮಿತಿ ಹೇಳಿಸಿಕೊಂಡವರನ್ನು ಬಿಟ್ಟು. ಶಿವರಾತ್ರಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಿಗೆ ಉಪವಾಸ, ಬೆವರು, ಪಾದದ ಪೆಟ್ಟು ಮೂರೂ ಒಟ್ಟಿಗೆ ಸೇರುತ್ತವೆ, ಗುಳಿಗೆ ಚೀಲದಲ್ಲಿರಲಿ.

ಅಂಕಿ 6ರ ಕೆಳಗೆ ನೆಲೆನಿಂತ ಮೇಲೆ ಆರು ತಿಂಗಳಿಗೊಮ್ಮೆ ಯೂರಿಕ್ ಆಸಿಡ್, ಕ್ರಿಯಾಟಿನಿನ್ ನೋಡಿಸಿದರೆ ಸಾಕು. ಗಂಟು ಕರಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಲೋಪ್ಯೂರಿನಾಲ್ ಬಿ.ಪಿ. ಗುಳಿಗೆಯ ಹಾಗೆ ಬಹುತೇಕ ಜೀವನಪೂರ್ತಿ. ಕಾವಲಿಗೆ ಇಟ್ಟ ಕೊಲ್ಚಿಸಿನ್ ಮಾತ್ರ ಆರು ತಿಂಗಳಾದ ಮೇಲೆ ವೈದ್ಯರನ್ನು ಕೇಳಿ ನಿಲ್ಲಿಸಿ, ಉಳಿದ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಆಟಕ್ಕೆಂದು ಮಗು ಬಿಡಿಸಿ ಬಾಯಿಗೆ ಹಾಕಿಕೊಂಡರೆ ಕೆಲವೇ ಗುಳಿಗೆಗಳು ಸಾಕು, ಅದಕ್ಕೆ ಪ್ರತಿವಿಷ ಸಿಗುವುದಿಲ್ಲ.