ಕಿವಿ ಮೊದಲು, ಕಂಪ್ಯೂಟರ್ ಆಮೇಲೆ

ನಾನು ದಾವಣಗೆರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಶಾಲೆ ಟೀಚರುಗಳು, ಸಂತೆಯಲ್ಲಿ ಕೂಗಿ ಮಾರುವವರು, ಮಂಡಕ್ಕಿ ಭಟ್ಟಿಯ ಹೊಗೆ ಕುಡಿದವರು ಗೊಗ್ಗರು ದನಿ ಹೊತ್ತು ಬರುತ್ತಾರೆ. ಇಎನ್‌ಟಿ ಡಾಕ್ಟರು ಸ್ಕೋಪ್ ಹಾಕಿ ನೋಡಿ ಕಳಿಸಿರುತ್ತಾರೆ. ದನಿ ಎಷ್ಟು ಕೆಟ್ಟಿದೆ ಅಂತ ಅಳೆದು ಬರೆಯೋದು ನನ್ನ ಕೆಲಸ.

ಮೊದಲು ಕಿವಿಯಿಂದಲೇ ಅಂಕ ಕೊಡುತ್ತೇನೆ. ಜಿಆರ್‌ಬಿಎಎಸ್ ಪದ್ಧತಿಯಲ್ಲಿ ಐದು ಅಂಶ: ಒಟ್ಟು ಕೆಡುಕು, ಒರಟು, ಉಸಿರು ಸೋರಿಕೆ, ಬಲ ಇಲ್ಲದಿರುವುದು, ಬಿಗಿತ. ಒಂದೊಂದಕ್ಕೂ 0ಯಿಂದ 3. ಅದಾದ ಮೇಲೆಯೇ ಪ್ರಾಟ್ ತೆರೆಯೋದು. ದನಿಯನ್ನು ಅಳೆದು ಅಂಕಿ ಕೊಡುವ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಯಾರಾದ ಈ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅಂಕಿ ಮೊದಲು ಕಣ್ಣಿಗೆ ಬಿದ್ದರೆ ಕಿವಿ ಅದರ ಹಿಂದೆಯೇ ಓಡುತ್ತದೆ.

ಒಬ್ಬ ಟೀಚರಮ್ಮನ ಒರಟಿಗೆ ನಾನು 3 ಕೊಟ್ಟಿದ್ದೆ. ದನಿಯ ಕಂಪನ ಎಷ್ಟು ಏರುಪೇರು ಅಂತ ಹೇಳುವ ಪ್ರಾಟ್‌ನ ಅಂಕಿ, ಜಿಟ್ಟರ್, ನೋಡಿದರೆ ಹೆಚ್ಚುಕಡಿಮೆ ಆರೋಗ್ಯವಂತರದ್ದೇ! ಆದರೆ ಪಿಚ್ ಗಂಡಸರಷ್ಟು ಕೆಳಗಿತ್ತು. ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಕಾರಣ ಸಿಕ್ಕಿತು. ದನಿಯ ಕಂಪನದ ಒಂದು ಸುತ್ತು ದೊಡ್ಡದು, ಮುಂದಿನದು ಚಿಕ್ಕದು, ಮತ್ತೆ ದೊಡ್ಡದು. ಸಾಫ್ಟ್‌ವೇರ್ ಎರಡನ್ನೂ ಸೇರಿಸಿ ಒಂದೇ ಸುತ್ತು ಅಂತ ಎಣಿಸಿತ್ತು. ಜಿಟ್ಟರ್ ಅಂದರೆ ಪಕ್ಕಪಕ್ಕದ ಸುತ್ತುಗಳ ಅವಧಿಯ ವ್ಯತ್ಯಾಸ ತಾನೆ? ಸುತ್ತೇ ಸರಿಯಾಗಿ ಸಿಗದ ದನಿಗೆ ಅದನ್ನು ಲೆಕ್ಕ ಹಾಕಿ ಏನು ಉಪಯೋಗ? ಅಮೆರಿಕದ ವಿಜ್ಞಾನಿ ಇಂಗೋ ಟಿಟ್ಜೆ 1995ರಲ್ಲೇ ಇಂಥ ದನಿಗಳನ್ನು ಬೇರೆ ಗುಂಪಿಗೆ ಹಾಕಿದ್ದರು. ಅಂದರೆ ತೀರಾ ಕೆಟ್ಟ ದನಿಯಲ್ಲೇ ಈ ಅಂಕಿ ಕೈಕೊಡುತ್ತದೆ.

ಇನ್ನೊಂದು ಪೇಚು ಜೋರಿನದು. ಥೆರಪಿ ಮುಗಿಸಿದವರು ಧೈರ್ಯ ಬಂದು ಜೋರಾಗಿ 'ಆ' ಅಂತಾರೆ. ಜೋರಾದರೆ ಜಿಟ್ಟರ್, ಶಿಮ್ಮರ್ (ಪಕ್ಕಪಕ್ಕದ ಸುತ್ತುಗಳ ಎತ್ತರದ ವ್ಯತ್ಯಾಸ) ಎರಡೂ ತಾವಾಗಿಯೇ ಇಳಿಯುತ್ತವೆ. ಥೆರಪಿ ಫಲಿಸಿತು ಅಂತ ಸುಮ್ನೆ ಬೀಗಬಾರದು. ಮೈಕಿನ ದೂರ, ದನಿಯ ಜೋರು ಥೆರಪಿಗೆ ಮೊದಲೂ ಆಮೇಲೂ ಒಂದೇ ಇರಲಿ. ಫ್ಯಾನ್ ಆಫ್. ಬೇಸಿಗೆಯಲ್ಲಿ ಬೈತಾರೆ, ಬೈಯಲಿ.

ಈಗ ನಾನು ಜಾಸ್ತಿ ನಂಬೋದು ಸಿಪಿಪಿಯನ್ನು, ಅಂದರೆ ದನಿಯ ಕಂಪನ ಒಟ್ಟಾರೆ ಎಷ್ಟು ಕ್ರಮಬದ್ಧ ಅಂತ ಹೇಳುವ ಅಂಕಿಯನ್ನು. ಅದಕ್ಕೆ ಒಂದೊಂದೇ ಸುತ್ತು ಹುಡುಕುವ ಗೋಜಿಲ್ಲ. ಎಳೆದ 'ಆ'ಗೂ ನಡೆಯುತ್ತದೆ, ಓದಿಸಿದ ವಾಕ್ಯಕ್ಕೂ ನಡೆಯುತ್ತದೆ. ಉಸಿರು ಸೋರುವ ದನಿಯಲ್ಲಿ ನನ್ನ ಕಿವಿಗೂ ಅದಕ್ಕೂ ಚೆನ್ನಾಗಿ ಹೊಂದುತ್ತದೆ. ಬಿಗಿತದಲ್ಲಿ ಮಾತ್ರ ಯಾವ ಅಂಕಿಯೂ ಅಷ್ಟಾಗಿ ನೆರವಿಗೆ ಬರಲ್ಲ. ಕೇಳುವವರ ನಡುವೆಯೂ ಅಲ್ಲೇ ತಕರಾರು ಹೆಚ್ಚು.

ಹಾಗಂತ ಕಿವಿಯೂ ಸತ್ಯಹರಿಶ್ಚಂದ್ರ ಅಲ್ಲ. ಭಾರೀ ಒಡಕು ದನಿ ಕೇಳಿದ ಮೇಲೆ ಸಣ್ಣ ತೊಂದರೆಯ ದನಿ ಚೆನ್ನಾಗೇ ಇದೆ ಅನ್ನಿಸುತ್ತದೆ. 'ಇದು ಥೆರಪಿ ಆದಮೇಲಿನದು' ಅಂತ ಗೊತ್ತಿದ್ದರಂತೂ ಅಂಕ ಧಾರಾಳ. ಅದಕ್ಕೇ ರೆಕಾರ್ಡಿಂಗ್‌ಗಳ ಹೆಸರು ತೆಗೆದು, ಹಿಂದಿನದು ಮುಂದಿನದು ಕಲಸಿ, ಕೆಲವನ್ನು ಎರಡೆರಡು ಸಲ ಹಾಕಿಸಿ ಕೇಳುತ್ತೇನೆ. ಚಿತ್ರದುರ್ಗದ ಸಹೋದ್ಯೋಗಿಯೊಬ್ಬರೂ ಬೇರೆಯಾಗಿ ಕೇಳುತ್ತಾರೆ. ಅವರಿಗೆ ಮೂಲ ವೇವ್ ಫೈಲನ್ನೇ ಕಳಿಸುತ್ತೇನೆ. ವಾಟ್ಸಾಪ್ ವಾಯ್ಸ್ ನೋಟ್ ದನಿಯನ್ನು ಹಿಂಡಿಬಿಡುತ್ತದೆ, ಅಳತೆಗೆ ಬಾರದು.

ಕಿವಿ, ಅಂಕಿ ಜಗಳವಾಡಿದರೆ ಎರಡನ್ನೂ ವರದಿಯಲ್ಲಿ ಹಾಗೇ ಬರೆಯುತ್ತೇನೆ, ಸರಾಸರಿ ಮಾಡಲ್ಲ. ಅಲೆಯ ಚಿತ್ರವನ್ನೂ ಅಂಟಿಸುತ್ತೇನೆ. ಡಾಕ್ಟರು ಸ್ಕೋಪ್ ಜೊತೆ ಇಟ್ಟು ನೋಡಲಿ ಅಂತ.