ಶಂಟ್ ಹಾಕಿದ ಮಗು: ಮನೆಯಲ್ಲಿ ಏನು ನೋಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು

ಹೈಡ್ರೋಕೆಫಲಸ್, ಅಂದರೆ ತಲೆಯಲ್ಲಿ ನೀರು ತುಂಬಿಕೊಳ್ಳುವ ತೊಂದರೆಗೆ ಶಂಟ್ (ಆ ನೀರನ್ನು ಹೊಟ್ಟೆಗೆ ಹರಿಸುವ, ಚರ್ಮದಡಿಯ ನಳಿಕೆ) ಹಾಕಿಸಿಕೊಂಡು ಮಗುವನ್ನು ಮನೆಗೆ ಕರೆತಂದವರಿಗೆ ಮೊದಲು ಹೇಳಬೇಕಾದ ಮಾತು: ಆಪರೇಷನ್ ಮುಗಿದಿದೆ, ಕಾಯಿಲೆ ಮುಗಿದಿಲ್ಲ. ಶಂಟ್ ಕಟ್ಟಿಕೊಳ್ಳಬಹುದು, ಕಳಚಿಕೊಳ್ಳಬಹುದು, ಅದಕ್ಕೆ ಸೋಂಕು ತಗಲಬಹುದು. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಮೊದಲ ವರ್ಷವೇ ಶೇ. 30ರಿಂದ 40ರಷ್ಟು ಕೆಡುತ್ತವೆ. ಎರಡು ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು. ಇದಕ್ಕೆ ತಾಯಿಯನ್ನು ದೂರುವುದು ಅನ್ಯಾಯ. ಕೆಟ್ಟದ್ದನ್ನು ಅದೇ ದಿನ ಪತ್ತೆ ಹಚ್ಚಿ ಸರಿಪಡಿಸಿದರೆ ಹೆಚ್ಚಿನ ಮಕ್ಕಳು ಮೊದಲಿನಂತಾಗುತ್ತಾರೆ. ಅಜೀರ್ಣ, ಹಲ್ಲು ಬರುತ್ತಿದೆ, ದೃಷ್ಟಿಯಾಗಿದೆ ಎಂದು ಮೂರು ದಿನ ಕಳೆದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು.

ಒಳಗೆ ಏನಿದೆ

ಮೆದುಳಿನ ಒಳಗಿನ ಕುಹರಗಳಲ್ಲಿ ತಿಳಿಯಾದ ದ್ರವವೊಂದು ಸದಾ ಊರುತ್ತಿರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿ.ಲೀ. ಹುಟ್ಟುತ್ತದೆ, ಆದರೆ ಒಂದು ಹೊತ್ತಿನಲ್ಲಿ ತಲೆ ಮತ್ತು ಬೆನ್ನುಹುರಿಯ ಸುತ್ತ ಇರುವುದು 150 ಮಿ.ಲೀ. ಮಾತ್ರ. ಉಳಿದದ್ದು ರಕ್ತಕ್ಕೆ ಸೇರಿಹೋಗುತ್ತದೆ. ಹೋಗುವ ದಾರಿ ಮುಚ್ಚಿದರೆ ಊರುವುದು ನಿಲ್ಲುವುದಿಲ್ಲ, ಒತ್ತಡ ಏರುತ್ತದೆ. ದಾರಿ ಹುಟ್ಟಿನಿಂದಲೇ ಕಿರಿದಾಗಿರಬಹುದು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನಲ್ಲಿ ಕುಹರದೊಳಗೆ ರಕ್ತಸ್ರಾವವಾಗಿ ಮುಚ್ಚಿರಬಹುದು. ಬೆನ್ನಿನ ಮೇಲೆ ಗಂಟಿನೊಂದಿಗೆ ಹುಟ್ಟಿದ ಸ್ಪೈನಾ ಬೈಫಿಡಾ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ನಮ್ಮ ದೇಶದಲ್ಲಿ ಟಿಬಿ ಮೆನಿಂಜೈಟಿಸ್ (ಕ್ಷಯದಿಂದ ಮೆದುಳಿನ ಪೊರೆಗೆ ಬರುವ ಉರಿಯೂತ) ನಂತರವೂ ಹೀಗಾಗುವುದುಂಟು.

ಶಂಟ್‌ಗೆ ಮೂರು ಭಾಗ. ಮೆದುಳಿನ ಕುಹರಕ್ಕೆ ಇಳಿಯುವ ಸಣ್ಣ ಸಿಲಿಕೋನ್ ನಳಿಕೆ. ತಲೆಚರ್ಮದ ಕೆಳಗೆ, ಹೆಚ್ಚಾಗಿ ಕಿವಿಯ ಹಿಂದೆ ಮೇಲ್ಭಾಗದಲ್ಲಿ, ಬೆರಳಿಗೆ ಸಿಗುವ ವಾಲ್ವ್. ಅಲ್ಲಿಂದ ಕತ್ತು, ಎದೆಯ ಚರ್ಮದಡಿ ಇಳಿದು ಹೊಟ್ಟೆಯ ಪೊರೆಯೊಳಗೆ ಸೇರುವ ಉದ್ದನೆಯ ನಳಿಕೆ. ಹೊಟ್ಟೆಗೆ ಬಂದ ದ್ರವವನ್ನು ಆ ಪೊರೆಯೇ ಹೀರಿಕೊಳ್ಳುತ್ತದೆ. ಮಗು ಬೆಳೆದಂತೆ ಎಳೆದುಕೊಳ್ಳಲಿ ಎಂದು ಸರ್ಜನ್ ಹೊಟ್ಟೆಯಲ್ಲಿ ಒಂದಿಷ್ಟು ಹೆಚ್ಚುವರಿ ಉದ್ದ ಬಿಟ್ಟಿರುತ್ತಾರೆ.

ಕಡಿಮೆ ಬೆಲೆಯ ಶಂಟ್ ಹಾಕಿಸಿದೆವಲ್ಲ ಎಂದು ಹಲವರು ಕೊರಗುತ್ತಾರೆ. ಕೊರಗಬೇಡಿ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟನ್ನು ಹಲವು ಪಟ್ಟು ಬೆಲೆಯ ವಿದೇಶಿ ಶಂಟ್‌ನೊಂದಿಗೆ ಉಗಾಂಡದಲ್ಲಿ 195 ಮಕ್ಕಳಲ್ಲಿ ಹೋಲಿಸಿ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷದ ಕೊನೆಗೆ ಎರಡರಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಹೆಚ್ಚು ದುಡ್ಡು ಕೊಡುವ ಶಕ್ತಿಯಿದ್ದರೆ ಆಂಟಿಬಯಾಟಿಕ್ ಲೇಪಿತ ನಳಿಕೆಯ ಬಗ್ಗೆ ಕೇಳಿ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ 1,600ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಮಾನ್ಯ ನಳಿಕೆಯಲ್ಲಿ ಶೇ. 6ರಷ್ಟಿದ್ದ ಸೋಂಕು ಈ ನಳಿಕೆಯಲ್ಲಿ ಶೇ. 2ಕ್ಕೆ ಇಳಿದಿತ್ತು. ದುಬಾರಿ ವಾಲ್ವ್‌ಗಿಂತ ಈ ಖರ್ಚಿಗೆ ಹೆಚ್ಚು ಅರ್ಥವಿದೆ ಎಂಬುದು ನಮ್ಮ ಅಭಿಪ್ರಾಯ.

ಡಿಸ್ಚಾರ್ಜ್ ದಿನ

ಮನೆಗೆ ಹೊರಡುವ ಮೊದಲು ಒಂದು ಹಾಳೆಯಲ್ಲಿ ಇಷ್ಟನ್ನು ಬರೆಸಿಕೊಳ್ಳಿ: ಆಪರೇಷನ್ ದಿನಾಂಕ, ಯಾವ ಬದಿ, ಶಂಟ್ ಕಂಪನಿ ಮತ್ತು ವಾಲ್ವ್‌ನ ಒತ್ತಡ (ಲೋ, ಮೀಡಿಯಂ, ಹೈ, ಹೊರಗಿನಿಂದ ಬದಲಾಯಿಸುವ ಪ್ರೋಗ್ರಾಮಬಲ್ ವಾಲ್ವ್ ಆಗಿದ್ದರೆ ಅದರ ಸೆಟ್ಟಿಂಗ್). ಶಂಟ್ ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಕೇಳಿ ಪಡೆದು ಫೈಲಿಗೆ ಅಂಟಿಸಿ. ಆಪರೇಷನ್ ನಂತರದ ಸಿ.ಟಿ. ಸ್ಕ್ಯಾನ್‌ನ ಫಿಲ್ಮ್ ಅಥವಾ ಸಿ.ಡಿ. ನಿಮ್ಮ ಬಳಿಯೇ ಇರಲಿ. ಮುಂದೆ ಶಂಟ್ ಕೆಟ್ಟಿತೆಂಬ ಅನುಮಾನ ಬಂದಾಗ ಡಾಕ್ಟರಿಗೆ ಬೇಕಾಗುವುದು ಮಗು ಚೆನ್ನಾಗಿದ್ದಾಗಿನ ಸ್ಕ್ಯಾನ್. ಕೆಲವು ಮಕ್ಕಳ ಕುಹರಗಳು ಶಂಟ್ ಕೆಲಸ ಮಾಡುವಾಗಲೂ ದೊಡ್ಡದಾಗಿಯೇ ಉಳಿಯುತ್ತವೆ. ಇನ್ನು ಕೆಲವರಲ್ಲಿ ಶಂಟ್ ಕಟ್ಟಿಕೊಂಡರೂ ಅವು ಹಿಗ್ಗುವುದಿಲ್ಲ. ಹಳೆಯದು ಪಕ್ಕದಲ್ಲಿಲ್ಲದೆ ಹೊಸ ಸ್ಕ್ಯಾನ್ ನೋಡಿ 'ನಾರ್ಮಲ್' ಎಂದು ಕಳಿಸಿಬಿಡುವ ಅಪಾಯ ಇದೆ. ಫಿಲ್ಮಿನ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟಿರಿ.

ಹೊಲಿಗೆಯನ್ನು ಸಾಮಾನ್ಯವಾಗಿ 7ರಿಂದ 10ನೇ ದಿನಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಗಾಯಕ್ಕೆ ನೀರು ತಾಗಿಸಬೇಡಿ. ಅರಿಶಿನ, ಎಣ್ಣೆ, ವಿಭೂತಿ ಯಾವುದನ್ನೂ ಹಚ್ಚಬೇಡಿ. ಎಳೆಗೂಸನ್ನು ಮೊದಲ ಕೆಲವು ವಾರ ವಾಲ್ವ್ ಇರುವ ಬದಿಗೆ ಮಲಗಿಸಬೇಡಿ. ಅಲ್ಲಿನ ಚರ್ಮ ತೆಳ್ಳಗಿರುತ್ತದೆ, ಒತ್ತಿ ಒತ್ತಿ ಹುಣ್ಣಾಗುತ್ತದೆ, ಹುಣ್ಣಾದರೆ ಶಂಟನ್ನೇ ತೆಗೆಯಬೇಕಾಗುತ್ತದೆ. ನೆತ್ತಿ ತೀರಾ ಗುಳಿ ಬಿದ್ದಿದ್ದರೆ, ಅಥವಾ ಸ್ವಲ್ಪ ದೊಡ್ಡ ಮಗು ಎದ್ದು ಕೂತಾಗ ತಲೆನೋವೆಂದು ಅತ್ತು ಮಲಗಿದ ಕೂಡಲೇ ಸುಮ್ಮನಾಗುತ್ತಿದ್ದರೆ, ದ್ರವ ಅತಿಯಾಗಿ ಹರಿಯುತ್ತಿರಬಹುದು. ಮಗುವನ್ನು ಚಪ್ಪಟೆಯಾಗಿ ಮಲಗಿಸಿ ಡಾಕ್ಟರಿಗೆ ಫೋನ್ ಮಾಡಿ.

ತಲೆ ಸುತ್ತಳತೆ

ನೆತ್ತಿ ಕೂಡುವ ಮುಂಚಿನ ವಯಸ್ಸಿನಲ್ಲಿ ಇದಕ್ಕಿಂತ ಅಗ್ಗದ, ನಂಬಬಹುದಾದ ಪರೀಕ್ಷೆ ಇಲ್ಲ. ಹಿಗ್ಗದ ಟೇಪ್ ಬೇಕು. ಟೈಲರ್ ಬಳಸುವ ಹಳೆಯ ಬಟ್ಟೆ ಟೇಪ್ ಎಳೆದು ಎಳೆದು ಉದ್ದವಾಗಿರುತ್ತದೆ. ಟೇಪ್ ಮುಂದೆ ಹುಬ್ಬಿನ ಸ್ವಲ್ಪ ಮೇಲೆ, ಬದಿಯಲ್ಲಿ ಕಿವಿಯ ಮೇಲೆ, ಹಿಂದೆ ತಲೆಯ ಅತಿ ಹೆಚ್ಚು ಉಬ್ಬಿದ ಜಾಗದ ಮೇಲೆ ಹಾದುಹೋಗಬೇಕು. ಮೂರು ಸಲ ಅಳೆದು ದೊಡ್ಡ ಅಂಕಿಯನ್ನು ಬರೆಯಿರಿ. ವಾರಕ್ಕೊಮ್ಮೆ, ಒಬ್ಬರೇ ಅಳೆದರೆ ಒಳ್ಳೆಯದು, ಕೈ ಬದಲಾದರೆ ಅರ್ಧ ಸೆಂ.ಮೀ. ಸುಲಭವಾಗಿ ಬದಲಾಗುತ್ತದೆ.

ದಿನ ತುಂಬಿ ಹುಟ್ಟಿದ ಮಗುವಿನ ತಲೆ ಹುಟ್ಟುವಾಗ 33ರಿಂದ 36 ಸೆಂ.ಮೀ. ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂ.ಮೀ., ಮುಂದಿನ ಮೂರು ತಿಂಗಳು ತಿಂಗಳಿಗೆ 1, ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ ಸೆಂ.ಮೀ.ನಷ್ಟು ಬೆಳೆಯುತ್ತದೆ. ಶಂಟ್ ಹಾಕಿದ ಮೇಲೆ ಮೊದಲ ವಾರಗಳಲ್ಲಿ ಅಳತೆ ನಿಲ್ಲಬಹುದು, ತುಸು ಇಳಿಯಲೂಬಹುದು. ಹೀಗೆ ನಿಂತಿದ್ದ ತಲೆ ಒಂದೇ ವಾರದಲ್ಲಿ 1 ಸೆಂ.ಮೀ. ಏರಿದರೆ ಮುಂದಿನ ವಾರದ ಅಳತೆಗೆ ಕಾಯಬೇಡಿ.

ನೆತ್ತಿಯನ್ನು ಮಗು ಅಳದೆ ಇರುವಾಗ, ಎತ್ತಿ ಕೂರಿಸಿಕೊಂಡು ಮುಟ್ಟಿ ನೋಡಿ. ಅಳುವಾಗ, ಮಲಗಿದಾಗ ಯಾವ ಮಗುವಿನ ನೆತ್ತಿಯೂ ಸ್ವಲ್ಪ ಬಿಗಿಯಾಗುತ್ತದೆ. ನೆಟ್ಟಗೆ ಕೂತು ಶಾಂತವಾಗಿರುವಾಗಲೂ ಉಬ್ಬಿ ಬಿಗಿಯಾಗಿದ್ದರೆ ಅದು ಒತ್ತಡ.

ಶಂಟ್ ಕಟ್ಟಿಕೊಂಡಾಗ

ಇದನ್ನು ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ, ಅಜ್ಜಿಗೂ ಅಂಗನವಾಡಿ ಕಾರ್ಯಕರ್ತೆಗೂ, ಹೇಳಿಕೊಡಿ. ವಾಂತಿ, ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೇ. ಸಂತೈಸಲಾಗದ ರಚ್ಚೆ. ಹೊತ್ತಲ್ಲದ ಹೊತ್ತಿನಲ್ಲಿ ಮಂಪರು, ಎಬ್ಬಿಸಿದರೂ ಮತ್ತೆ ಮತ್ತೆ ನಿದ್ದೆಗೆ ಜಾರುವುದು. ಕಣ್ಣುಗುಡ್ಡೆ ಕೆಳಕ್ಕೆ ಇಳಿದು ಮೇಲೆ ಬಿಳಿ ಕಾಣುವುದು. ಹೊಸದಾಗಿ ಬಂದ ಮೆಳ್ಳೆಗಣ್ಣು. ಫಿಟ್ಸ್. ತಲೆಯ ಮೇಲೆ ರಕ್ತನಾಳಗಳು ಎದ್ದು ಕಾಣುವುದು, ನಳಿಕೆ ಹಾದುಹೋಗುವ ದಾರಿಯಲ್ಲಿ ಊತ. ಶಾಲೆಗೆ ಹೋಗುವ ಮಗುವಿನಲ್ಲಿ ತಲೆನೋವು ಮುಖ್ಯ. ಕೆಲವೊಮ್ಮೆ ಅದಕ್ಕೂ ಮೊದಲು ಬರಹ ಕೆಡುತ್ತದೆ, ನಡಿಗೆ ತೂರಾಡುತ್ತದೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ.

ಯಾವ ವಾಂತಿಗೆ ಹೆದರಬೇಕು? ಭೇದಿಯೂ ಇದ್ದು, ಮನೆಯಲ್ಲಿ ಇನ್ನಿಬ್ಬರಿಗೂ ಹಾಗೇ ಆಗಿದ್ದು, ಮಗು ನಡುನಡುವೆ ಲವಲವಿಕೆಯಿಂದ ಆಡುತ್ತಿದ್ದರೆ ಹೊಟ್ಟೆಯ ತೊಂದರೆ ಇರಬಹುದು. ಭೇದಿಯಿಲ್ಲದ ವಾಂತಿ, ಜೊತೆಗೆ ಮಂಪರು ಅಥವಾ ತಲೆನೋವು ಇದ್ದರೆ ಅದು ಶಂಟ್‌ನದೇ ಎಂದುಕೊಂಡು ಹೊರಡಿ. ಹೋದ ಸಲ ಶಂಟ್ ಕೆಟ್ಟಾಗ ಯಾವ ಲಕ್ಷಣ ಮೊದಲು ಬಂದಿತ್ತೋ ಈ ಸಲವೂ ಅದೇ ಬರುವ ಸಾಧ್ಯತೆ ಹೆಚ್ಚು, ಫೈಲಿನಲ್ಲಿ ಬರೆದಿಟ್ಟಿರಿ. 'ಮಗು ಯಾಕೋ ಸರಿಯಿಲ್ಲ' ಎಂದು ತಾಯಿ ಹೇಳಿದರೆ ಅದೂ ಒಂದು ಲಕ್ಷಣವೇ, ಅನುಭವಿ ಡಾಕ್ಟರು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಕಟ್ಟಿಕೊಳ್ಳುವುದು ಹೆಚ್ಚಾಗಿ ಮೇಲಿನ ತುದಿಯಲ್ಲಿ: ನಳಿಕೆಯ ಸಣ್ಣ ರಂಧ್ರಗಳಿಗೆ ದ್ರವ ಊರಿಸುವ ಅಂಗಾಂಶವೇ ಬೆಳೆದು ಸೇರಿಕೊಳ್ಳುತ್ತದೆ. ಅದಕ್ಕೇ ಮನೆಯಲ್ಲಿ ವಾಲ್ವ್ ಒತ್ತಿ ಒತ್ತಿ 'ಪಂಪ್' ಮಾಡಬಾರದು. ಒತ್ತಿ ಬಿಟ್ಟಾಗ ಆಗುವ ಸೆಳೆತಕ್ಕೆ ಆ ಅಂಗಾಂಶ ಇನ್ನಷ್ಟು ಒಳಗೆ ಬರುತ್ತದೆ. ಒತ್ತಿದರೆ ಮತ್ತೆ ತುಂಬಿಕೊಳ್ಳುತ್ತದೆ, ಆದ್ದರಿಂದ ಸರಿಯಿದೆ ಎನ್ನುವುದನ್ನೂ ನಂಬುವಂತಿಲ್ಲ. ಕೆಳಗಿನ ತುದಿಯಲ್ಲಿ ಬೇರೆ ತೊಂದರೆಗಳು: ಮಗು ಎತ್ತರವಾದಂತೆ ನಳಿಕೆ ಹೊಟ್ಟೆಯಿಂದ ಹೊರಬರಬಹುದು, ಕತ್ತಿನ ಬಳಿ ತುಂಡಾಗಬಹುದು, ಹೊಟ್ಟೆಯಲ್ಲಿ ದ್ರವದ ಗಂಟು ಕಟ್ಟಬಹುದು. ತೀವ್ರ ಮಲಬದ್ಧತೆಯಿಂದ ಹೊಟ್ಟೆಯ ಒತ್ತಡ ಏರಿ ಹರಿವು ನಿಧಾನವಾದ ಉದಾಹರಣೆಗಳಿವೆ. ಸ್ಪೈನಾ ಬೈಫಿಡಾ ಮಕ್ಕಳಲ್ಲಿ ಮಲಬದ್ಧತೆ ಇದ್ದೇ ಇರುತ್ತದೆ, ಅದಕ್ಕೆ ನಿತ್ಯದ ಚಿಕಿತ್ಸೆ ತಪ್ಪಿಸಬೇಡಿ.

ಹೊರಡುವಾಗ

ನ್ಯೂರೋಸರ್ಜನ್ ಮತ್ತು ಸಿ.ಟಿ. ಎರಡೂ ಇರುವ ಆಸ್ಪತ್ರೆಗೇ ಹೋಗಿ. ಹತ್ತಿರದ ಊರಲ್ಲಿ ಯಾವುದು ಎಂದು ಮಗು ಚೆನ್ನಾಗಿರುವಾಗಲೇ ವಿಚಾರಿಸಿಟ್ಟಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ದಿನದ 24 ಗಂಟೆಯೂ ತೆರೆದಿರುತ್ತದೆ. ಆದರೆ ಮಂಪರಾದ ಮಗುವನ್ನು ಕಟ್ಟಿಕೊಂಡು ಎಂಟು ಗಂಟೆ ಬಸ್ಸಿನಲ್ಲಿ ಬರುವುದಕ್ಕಿಂತ ಹತ್ತಿರದ ಕೇಂದ್ರದಲ್ಲಿ ಒತ್ತಡ ಇಳಿಸಿಕೊಂಡು ಬರುವುದು ಕ್ಷೇಮ. ಮಗು ಎಚ್ಚರಗೊಳ್ಳದಿದ್ದರೆ, ಉಸಿರಾಟ ಬದಲಾಗಿದ್ದರೆ 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಬದಿಗೆ ಮಲಗಿಸಿ, ತಲೆಯ ಭಾಗ ತುಸು ಎತ್ತರದಲ್ಲಿರಲಿ. ಫಿಟ್ಸ್ ಬಂದರೆ ಬಾಯಿಗೆ ಚಮಚ, ಕೈಗೆ ಬೀಗದ ಕೈ ಕೊಡಬೇಡಿ. ಎಷ್ಟು ನಿಮಿಷ ಇತ್ತೆಂದು ಗಡಿಯಾರ ನೋಡಿ.

ಮತ್ತೆ ಆಪರೇಷನ್ ಬೇಕಾಗಬಹುದು, ಹಾಗಾಗಿ ಹೊಟ್ಟೆ ತುಂಬ ಉಣಿಸಬೇಡಿ. ಅರಿವಳಿಕೆಗೆ ಸಾಮಾನ್ಯವಾಗಿ ಗಟ್ಟಿ ಆಹಾರ ಮತ್ತು ಹಸುವಿನ ಹಾಲಿನ ನಂತರ 6 ಗಂಟೆ, ತಾಯಿಹಾಲಿನ ನಂತರ 4 ಗಂಟೆ, ನೀರಿನ ನಂತರ 2 ಗಂಟೆ ಕಾಯುತ್ತಾರೆ. ಕೊನೆಗೆ ಏನು, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಬರೆದುಕೊಳ್ಳಿ.

ಆಸ್ಪತ್ರೆಯ ಬಾಗಿಲಲ್ಲಿ 'ವಾಂತಿ' ಎಂದು ಶುರು ಮಾಡಬೇಡಿ. 'ಮಗುವಿಗೆ ವಿ.ಪಿ. ಶಂಟ್ ಇದೆ, ಕಟ್ಟಿಕೊಂಡಿರಬಹುದು' ಎಂಬುದೇ ಮೊದಲ ಮಾತಾಗಲಿ (ವಿ.ಪಿ. ಎಂದರೆ ಮೆದುಳಿನ ಕುಹರದಿಂದ ಹೊಟ್ಟೆಯ ಪೊರೆಗೆ). ಆಗ ಸಿ.ಟಿ., ತಲೆಯಿಂದ ಹೊಟ್ಟೆಯವರೆಗಿನ ಎಕ್ಸ್-ರೇಗಳು, ಅಗತ್ಯವಿದ್ದರೆ ವಾಲ್ವ್‌ನಿಂದ ಸಣ್ಣ ಸೂಜಿಯಲ್ಲಿ ದ್ರವ ತೆಗೆದು ಪರೀಕ್ಷೆ ನಡೆಯುತ್ತವೆ. ಸ್ಕ್ಯಾನ್ ಆಗುವ ಮೊದಲೇ ಬೆನ್ನಿನಿಂದ ನೀರು ತೆಗೆಯುತ್ತೇವೆ ಎಂದರೆ ನ್ಯೂರೋಸರ್ಜನ್ ಒಪ್ಪಿದ್ದಾರೆಯೇ ಎಂದು ಕೇಳಿ.

ಜ್ವರ

ಶಂಟ್ ಇರುವ ಮಗುವಿಗೂ ಎಲ್ಲ ಮಕ್ಕಳಂತೆ ನೆಗಡಿ ಜ್ವರ ಬರುತ್ತದೆ. ಆದರೆ ಸೋಂಕು ಹೆಚ್ಚಾಗಿ ಆಪರೇಷನ್ ಸಮಯದಲ್ಲೇ ಚರ್ಮದ ಸೂಕ್ಷ್ಮಾಣುಗಳಿಂದ ಸೇರಿಕೊಳ್ಳುವುದರಿಂದ ಮೊದಲ ಆರು ತಿಂಗಳ ಜ್ವರಕ್ಕೆ, ಅದರಲ್ಲೂ ಮೊದಲ ಎರಡು ತಿಂಗಳಿನದಕ್ಕೆ, ಶಂಟ್ ಹಾಕಿದವರಿಗೇ ತೋರಿಸಿ. ಗಾಯದಿಂದ ನೀರು ಒಸರಿದರೆ, ನಳಿಕೆಯುದ್ದಕ್ಕೂ ಕೆಂಪಾದರೆ, ಹೊಟ್ಟೆ ಮುಟ್ಟಲು ಬಿಡದಿದ್ದರೆ ಜ್ವರ ಇಲ್ಲದಿದ್ದರೂ ಹೋಗಿ. ಊರಿನ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಸಿರಪ್ ಕೊಡಿಸಿ ನೋಡುವುದು ತಪ್ಪು ದಾರಿ. ನಳಿಕೆಗೆ ಅಂಟಿದ ಸೂಕ್ಷ್ಮಾಣು ಅದರಿಂದ ಸಾಯುವುದಿಲ್ಲ, ಪರೀಕ್ಷೆಯಲ್ಲಿ ಸಿಗದಂತೆ ಮರೆಯಾಗುತ್ತದಷ್ಟೇ. ಸೋಂಕು ಖಚಿತವಾದರೆ ಸಾಮಾನ್ಯವಾಗಿ ಶಂಟ್ ತೆಗೆದು, ಹೊರಗೆ ಚೀಲಕ್ಕೆ ದ್ರವ ಹರಿಯುವ ತಾತ್ಕಾಲಿಕ ನಳಿಕೆ ಇಟ್ಟು, ರಕ್ತನಾಳದ ಮೂಲಕ ಔಷಧಿ ಕೊಟ್ಟು, ದ್ರವ ಶುದ್ಧವಾದ ಮೇಲೆ ಹೊಸ ಶಂಟ್ ಹಾಕುತ್ತಾರೆ. ಆಸ್ಪತ್ರೆಯಲ್ಲಿ ಕೆಲವು ವಾರ ಇರಲು ಸಿದ್ಧರಾಗಿ.

ಮನೆಯ ಶಾಸ್ತ್ರ, ಶಾಲೆ, ಎಂ.ಆರ್.ಐ.

ಜವಳ ತೆಗೆಸುವುದನ್ನು ಗಾಯ ಪೂರ್ತಿ ಮಾಗುವ ತನಕ ಮುಂದೂಡಿ. ಆಮೇಲೂ ವಾಲ್ವ್ ಮೇಲೆ ಕತ್ತಿ ಆಡಿಸಬೇಡಿ, ಟ್ರಿಮ್ಮರ್ ಸಾಕು. ಎಣ್ಣೆನೀರು ಹಾಕುವಾಗ ನೆತ್ತಿ ಒತ್ತುವುದು, ತಲೆ ತೀಡಿ ಆಕಾರ ಕೊಡುವುದು ಬೇಡ. ಹೊಟ್ಟೆಗೋ ತಲೆಗೋ ಬರೆ ಹಾಕಿಸುವುದಂತೂ ಬೇಡವೇ ಬೇಡ: ನಳಿಕೆ ಚರ್ಮದಿಂದ ಕೆಲವೇ ಮಿಲಿಮೀಟರ್ ಕೆಳಗಿರುತ್ತದೆ, ಸುಟ್ಟ ಗಾಯದ ಸೋಂಕು ನೇರ ಅದಕ್ಕೆ ತಗಲುತ್ತದೆ. ಲಸಿಕೆಗಳಲ್ಲಿ ಯಾವುದನ್ನೂ ಬಿಡಬೇಡಿ.

ಓಟ, ಕ್ರಿಕೆಟ್, ಈಜು ಆಗುತ್ತದೆ, ಬಾಕ್ಸಿಂಗ್ ಆಗದು, ಕಬಡ್ಡಿ, ಕುಸ್ತಿಗೆ ಡಾಕ್ಟರನ್ನು ಕೇಳಿ. ಎಂ.ಆರ್.ಐ. ಮಾಡಿಸಬಹುದು, ಆದರೆ ಪ್ರೋಗ್ರಾಮಬಲ್ ವಾಲ್ವ್ ಇದ್ದರೆ ಸ್ಕ್ಯಾನ್ ಆದ ಕೂಡಲೇ ಸೆಟ್ಟಿಂಗ್ ಪರೀಕ್ಷಿಸಬೇಕು, ಹಲವು ಮಾದರಿಗಳಲ್ಲಿ ಅಯಸ್ಕಾಂತಕ್ಕೆ ಅದು ಬದಲಾಗುತ್ತದೆ. ಅಂಥ ಮಗು ಹೆಡ್‌ಫೋನ್, ಸ್ಪೀಕರನ್ನು ವಾಲ್ವ್‌ಗೆ ಒತ್ತಿ ಹಿಡಿಯದಿರಲಿ. ಮುಂದೆ ಅಪೆಂಡಿಕ್ಸ್ ಮುಂತಾದ ಹೊಟ್ಟೆ ಆಪರೇಷನ್ ಬಂದರೆ ಶಂಟ್ ಇರುವುದನ್ನು ಸರ್ಜನ್‌ಗೆ ಮೊದಲೇ ತಿಳಿಸಿ.

ಶಂಟ್ ಇಲ್ಲದೆ, ಎಂಡೋಸ್ಕೋಪ್‌ನಿಂದ ಮೂರನೇ ಕುಹರದ ತಳದಲ್ಲಿ ರಂಧ್ರ ಮಾಡಿ ದಾರಿ ಬಿಡಿಸುವ ಇ.ಟಿ.ವಿ. ಎಂಬ ಚಿಕಿತ್ಸೆಯೂ ಇದೆ. ಒಂದು ವರ್ಷ ದಾಟಿದ, ದಾರಿ ಒಂದೇ ಕಡೆ ಮುಚ್ಚಿರುವ ಮಕ್ಕಳಲ್ಲಿ ಅದು ಚೆನ್ನಾಗಿ ಫಲಿಸುತ್ತದೆ. ತೀರಾ ಎಳೆಗೂಸುಗಳಲ್ಲಿ, ಮೆನಿಂಜೈಟಿಸ್ ನಂತರ ಅಷ್ಟಾಗಿ ಇಲ್ಲ. ಶಂಟ್ ಪದೇ ಪದೇ ಕೆಡುತ್ತಿದ್ದರೆ ಇದರ ಬಗ್ಗೆ ಕೇಳಿ. ಆ ರಂಧ್ರವೂ ವರ್ಷಗಳ ನಂತರ ಹಠಾತ್ತನೆ ಮುಚ್ಚಿಕೊಳ್ಳಬಹುದು, ಆದ್ದರಿಂದ ಮೇಲಿನ ಎಚ್ಚರಿಕೆಗಳೆಲ್ಲ ಅದಕ್ಕೂ ಅನ್ವಯ.

ಮಗುವಿಗೆ ಸ್ಪೈನಾ ಬೈಫಿಡಾ ಇದ್ದಿದ್ದರೆ, ಮುಂದಿನ ಬಸಿರಿಗೆ ಮೊದಲೇ ಪ್ರಸೂತಿ ತಜ್ಞರನ್ನು ಕಾಣಿ. ಎಲ್ಲ ಹೆಂಗಸರಿಗೆ ಹೇಳುವ ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ. ಹಿಂದಿನ ಮಗುವಿಗೆ ಈ ದೋಷ ಇದ್ದವರಿಗೆ ಅದರ ಹತ್ತು ಪಟ್ಟು, ಅಂದರೆ 4 ಮಿ.ಗ್ರಾಂ. ನಮ್ಮಲ್ಲಿ ಸಿಗುವುದು 5 ಮಿ.ಗ್ರಾಂ. ಮಾತ್ರೆ. ಮಗುವಿನ ನರನಾಳ (ಮುಂದೆ ಮೆದುಳು, ಬೆನ್ನುಹುರಿ ಆಗುವ ಭಾಗ) ಕೂಡಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ, ಮುಟ್ಟು ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ಆ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ಹಾಗಾಗಿ ಮಾತ್ರೆಯನ್ನು ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು, ಮೊದಲೇ ಶುರು ಮಾಡಿ 12ನೇ ವಾರದವರೆಗೆ ತೆಗೆದುಕೊಳ್ಳಬೇಕು.